ಹೆಚ್ಚಾದದ್ದನ್ನು ಕಂಡ ಕಣ್ಣು

ಅವರು ಯಾರನ್ನು ನೋಡಿದರೂ ಮೊದಲು ಮುಖ ನೋಡುತ್ತಿರಲಿಲ್ಲ. ಮೊದಲು ಪಾದ, ಆಮೇಲೆ ಕೈಯ ಉಗುರು, ಕೊರಳು, ಕೊನೆಗೆ ಮುಖ. ಎದುರಿಗಿದ್ದವರಿಗೆ ಅದು ಗೊತ್ತಾಗುತ್ತಿತ್ತು. ನಮ್ಮ ಬೀದಿಯ ಹೆಂಗಸರು ಅವರ ಮುಂದೆ ನಿಂತಾಗ ಏಕೆಂದು ತಮಗೇ ತಿಳಿಯದೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ಕಳೆದ ವಾರ ಅವರ ಗಂಡ ಒಬ್ಬರೇ ಬಂದು ನಮ್ಮ ಗೇಟಿನ ಮುಂದೆ ನಿಂತರು. ಹಿಂದೆ ತಾವು ಕೂರಿಸಿಹೋಗಿದ್ದ ಯಂತ್ರದ ರಿಪೇರಿಗೆ ಶಿಡ್ಲಘಟ್ಟಕ್ಕೆ ಬಂದಿದ್ದರಂತೆ. ಅವರಿಗೆ ಬರುತ್ತಿದ್ದದ್ದು ಕೆಲವೇ ಕನ್ನಡ ಪದ: ಅಮ್ಮ, ನಾಳೆ, ಬಿಸಿ, ಇಲ್ಲ. ನಾನು ಅವರ ಹಿಂದೆ ಮತ್ತೊಬ್ಬರಿಗಾಗಿ ನೋಡುತ್ತಿದ್ದುದನ್ನು ಗಮನಿಸಿ, "ಅಮ್ಮ ಇಲ್ಲ" ಎಂದರು. ಊರಿನಲ್ಲೇ ಉಳಿದಿದ್ದಾರೆ ಎಂಬ ಅರ್ಥವೂ ಆಗಬಹುದಿತ್ತು. ಅವರು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದಿದ್ದ ರೀತಿಯಿಂದ ಬೇರೆ ಅರ್ಥವೇ ಸರಿ ಎಂದು ತಿಳಿಯಿತು.

ರೇಷ್ಮೆ ನೂಲು ತೆಗೆಯುವ ಹೊಸ ಯಂತ್ರವನ್ನು ನಮ್ಮೂರಿನ ಸಾಹೇಬರೊಬ್ಬರು ತರಿಸಿದಾಗ, ಅದನ್ನು ಕೂರಿಸಿ ಕೆಲಸದವರಿಗೆ ಕಲಿಸಿಕೊಡಲು ಬಂದವರು ಈ ದಂಪತಿ. ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದರು. ಅದಕ್ಕೂ ಹಿಂದೆ ಎಂದೋ ಹೊಸ ತಳಿಯ ಹುಳದ ವಿಷಯ ಹೇಳಲು ಜಪಾನಿನವರು ಈ ಕಡೆ ಬಂದುಹೋಗಿದ್ದರಂತೆ. ಹಾಗಾಗಿ ಅಂಥ ಮುಖದವರೆಲ್ಲ ಶಿಡ್ಲಘಟ್ಟಕ್ಕೆ ಜಪಾನಿನವರೇ. ಆಕೆ ಮೊದಮೊದಲು ಎದೆ ಮುಟ್ಟಿಕೊಂಡು "ಕೊರಿಯಾ, ಕೊರಿಯಾ" ಎನ್ನುತ್ತಿದ್ದರು. ಹಾಲಿನವನು ಸಮಾಧಾನ ಹೇಳಿದ: "ಅದೇ ಕಣಮ್ಮ, ಜಪಾನಲ್ಲಿ ಕೊರಿಯಾ. ನಮ್ಗೂ ಗೊತ್ತು." ಆಮೇಲೆ ಅವರು ವಾದಿಸಲಿಲ್ಲ. ಜಪಾನಮ್ಮ ಎಂದು ಕರೆದರೆ ತಿರುಗಿ ನೋಡುತ್ತಿದ್ದರು. ಅವರ ನಿಜವಾದ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ.

ಬಂದ ಹೊಸದರಲ್ಲಿ ಅವರನ್ನು ನೂಲು ತೆಗೆಯುವ ಬೀದಿಗೆ ಕರೆದುಕೊಂಡು ಹೋಗಿದ್ದೆ. ಗೂಡು ಬೇಯಿಸಿದ ನೀರಿನ ವಾಸನೆಗೆ ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಅವರು ನಿಂತು, ಕಣ್ಣು ಮುಚ್ಚಿ, ಪೂರ್ತಿ ಉಸಿರೆಳೆದುಕೊಂಡರು. ನೂಲು ಬಿಚ್ಚಿದ ಮೇಲೆ ಉಳಿದ ಬೆಂದ ಹುಳಗಳ ರಾಶಿಯಿಂದ ಬೊಗಸೆ ತುಂಬ ಕೇಳಿ ತಂದು, ತೊಳೆದು, ಉಪ್ಪುಹಾಕಿ ಮತ್ತೆ ಬೇಯಿಸಿ ಮೆಟ್ಟಿಲ ಮೇಲೆ ಕೂತು ತಿಂದರು. ಅವರ ಊರಲ್ಲಿ ಅದು ಶಾಲೆ ಬಿಟ್ಟ ಮಕ್ಕಳು ಕೊಳ್ಳುವ ತಿಂಡಿಯಂತೆ. ನಮ್ಮಮ್ಮ ಅಂದಿನಿಂದ ಅವರಿಗೆ ತಿಂಡಿ ಕಳಿಸುವಾಗ ಎರಡು ಚಪಾತಿ ಹೆಚ್ಚಿಗೇ ಇಡತೊಡಗಿದರು. "ಪಾಪ, ಹುಳ ತಿನ್ನೋ ಗತಿ ಬಂದೈತೆ ಅಂದ್ರೆ..." ಬೀದಿಯ ಉಳಿದ ಮನೆಗಳವರೂ ಅದನ್ನೇ ಮಾಡಿದರು. ಹೀಗಾಗಿ ಅವರು ಕಲಿತ ಮೊದಲ ಕನ್ನಡ ಪದ 'ಸಾಕು'. ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಇಟ್ಟು, "ಸಾಕು, ಸಾಕು" ಎನ್ನುವರು. ನಮ್ಮಮ್ಮ ಆ ಕೈಗಳ ಸಂದಿಯಿಂದಲೇ ಬಡಿಸುವರು.

ಅವರು ತಮ್ಮ ದೇಶದ ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು. ಡ್ಯೂಟಿಯಲ್ಲಿ ಒಮ್ಮೆ ಎಚ್ಚರ ತಪ್ಪಿ ಬಿದ್ದಿದ್ದರಂತೆ. ಸ್ವಲ್ಪ ಕಾಲ ವಾರ್ಡಿನಿಂದ ದೂರ ಇರಬೇಕೆಂದು ವೈದ್ಯರು ಹೇಳಿದ್ದರಿಂದ ಗಂಡನ ಜೊತೆ ಬಂದಿದ್ದರು. ವಿಶ್ರಾಂತಿಗೆಂದು ಬಂದವರು ಬೆನ್ನು ಒರಗಿಸಿ ಕೂತದ್ದನ್ನು ನಾನು ನೋಡಿಲ್ಲ. ಮಹಡಿಯ ನೆಲವನ್ನು ದಿನವೂ ಮೊಣಕಾಲೂರಿ ಒರೆಸುತ್ತಿದ್ದರು. ಅದು ಮುಗಿದರೆ ಮೆಟ್ಟಿಲು, ಮೆಟ್ಟಿಲು ಮುಗಿದರೆ ನಮ್ಮ ಅಂಗಳ. "ಆಕೆಗೆ ಕೂರೋಕೆ ಬರಲ್ಲ ಕಣೇ" ಎಂದು ಅಮ್ಮ ಆಗಲೇ ಹೇಳಿದ್ದರು.

ವಾಪಸು ಹೋದಮೇಲೆ ಇಂಗ್ಲಿಷಿನಲ್ಲಿ ಮಾತಾಡುವ ಪರೀಕ್ಷೆಯೊಂದನ್ನು ಅವರು ಪಾಸು ಮಾಡಬೇಕಿತ್ತು. ನಾನು ಮೈಕ್ರೋಬಯಾಲಜಿ ಓದಿ, ಬೆಂಗಳೂರಿನಲ್ಲಿ ಕೆಲಕಾಲ ವೈದ್ಯರ ಧ್ವನಿಮುದ್ರಿತ ಟಿಪ್ಪಣಿಗಳನ್ನು ಕಿವಿಯಲ್ಲಿ ಕೇಳಿಸಿಕೊಂಡು ಟೈಪ್ ಮಾಡುವ ಕೆಲಸದಲ್ಲಿದ್ದು, ಆಗ ಊರಿನ ಕಾಲೇಜಿನಲ್ಲಿ ಅರೆಕಾಲಿಕ ಪಾಠ ಮಾಡುತ್ತಿದ್ದೆ. ಮಧ್ಯಾಹ್ನ ಮಹಡಿಗೆ ಹೋಗಿ ಅವರಿಗೆ ಉಚ್ಚಾರಣೆ ಹೇಳಿಕೊಡುವುದು ಎಂದಾಯಿತು. ಪದಗಳು ಅವರಿಗೆ ಗೊತ್ತಿದ್ದವು, ಬಾಯಲ್ಲಿ ಕೂರುತ್ತಿರಲಿಲ್ಲ. ಪಾಲಿಯೂರಿಯಾ, ಅಂದರೆ ಮೂತ್ರ ಹೆಚ್ಚಾಗುವುದು, ಎನ್ನುವಷ್ಟರಲ್ಲಿ ಅವರ ನಾಲಿಗೆ ಎರಡು ಕಡೆ ಎಡವುತ್ತಿತ್ತು. ನನ್ನನ್ನು 'ಸೊನ್‌ಸೆಂಗ್‌ನಿಮ್' ಎಂದು, ಅಂದರೆ ಮೇಷ್ಟ್ರೇ ಎಂದು ಕರೆಯುತ್ತಿದ್ದರು. ಅವರ ಮಗಳ ವಯಸ್ಸಿನವಳನ್ನು ಹಾಗೆ ಕರೆಯಬೇಡಿ ಎಂದರೆ ಕೇಳುತ್ತಿರಲಿಲ್ಲ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನಮ್ಮ ಮಾತು ನಡೆಯುತ್ತಿದ್ದದ್ದು ಮುರುಕು ಇಂಗ್ಲಿಷಿನಲ್ಲಿ. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ದೇಹದಲ್ಲಿ ಏನಾದರೂ ಹೆಚ್ಚಾಗುವುದಕ್ಕೆ ಇರುವ ಪದಗಳ ಹತ್ತಿರ ನಾವು ಬಹಳ ದಿನ ನಿಂತೆವು. ಒಂದು ಇಂಗ್ಲಿಷ್ ಪದಕ್ಕೆ ಅವರ ಭಾಷೆಯದು ಒಂದು ಎಂದು ಕೇಳಿ ತಿಳಿದುಕೊಳ್ಳುವುದು ನನಗೆ ಇಷ್ಟವಾಗಿತ್ತು. ವಿಪರೀತ ಬೆವರುವುದಕ್ಕೆ ನಾನು ಹೈಪರ್‌ಹೈಡ್ರೋಸಿಸ್ ಎಂದರೆ ಅವರು 'ದಾಹಾನ್‌ಜುಂಗ್' ಎನ್ನುವರು. ಹೈಪರ್‌ಟೆನ್ಷನ್ ಎಂದರೆ 'ಗೊಹ್ಯೊಲ್‌ಆಪ್'. ಹೈಪರ್‌ವೆಂಟಿಲೇಷನ್ ಎಂದರೆ 'ಗ್ವಾಹೊಹುಪ್'.

ಒಂದು ದಿನ ಅವರು ಪೆನ್ನು ಕೆಳಗಿಟ್ಟು ಕೇಳಿದರು: "ನಿಮ್ಮ ಇಂಗ್ಲಿಷಿನಲ್ಲಿ ಎಲ್ಲಕ್ಕೂ ಹೈಪರ್ ಯಾಕೆ? ಬೆವರಿಗೂ ಹೈಪರ್, ರಕ್ತದ ಒತ್ತಡಕ್ಕೂ ಹೈಪರ್, ಉಸಿರಿಗೂ ಹೈಪರ್. ಎಷ್ಟು ಹೆದರಬೇಕು ಅಂತ ನರ್ಸಿಗೆ ಹೇಗೆ ಗೊತ್ತಾಗಬೇಕು?"

ಆಮೇಲೆ ಗಾಳಿಯಲ್ಲಿ ಕೈಯಿಂದ ತೋರಿಸಿದರು. 'ದಾ' ಎಂದರೆ ಬಹಳ. ಎರಡೂ ಕೈ ಅಗಲ ಮಾಡಿದರು. ಬೆವರು ಬಹಳ, ಮೂತ್ರ ಬಹಳ. 'ಗೊ' ಎಂದರೆ ಎತ್ತರ. ಅಂಗೈಯನ್ನು ತಲೆಯ ಮಟ್ಟಕ್ಕೆ ಏರಿಸಿದರು. ಒತ್ತಡ ಎತ್ತರ, ರಕ್ತದ ಸಕ್ಕರೆ ಎತ್ತರ. 'ಗ್ವಾ' ಎನ್ನುವಾಗ ಮಾತ್ರ ಕೈಯನ್ನು ಮೇಜಿನ ಅಂಚಿನವರೆಗೆ ನಿಧಾನವಾಗಿ ಸರಿಸಿ, ಅಂಚಿನಾಚೆಗೆ ಬಿಟ್ಟರು. ದಾಟಿದ್ದು. ಊಟ ಬಹಳವಾದರೆ 'ದಾಶಿಕ್', ಮಿತಿ ದಾಟಿದರೆ 'ಗ್ವಾಶಿಕ್'.

"ದಾ ಇದ್ದರೆ ನಾಳೆ ಬಾ ಅನ್ನಬಹುದು. ಗೊ ಇದ್ದರೆ ಇವತ್ತೇ ಕೂರಿಸಿಕೊಳ್ಳಬೇಕು. ಗ್ವಾ ಕಂಡರೆ ಓಡಬೇಕು" ಎಂದರು. ಇದು ನಿಘಂಟಿನ ಅರ್ಥವಲ್ಲ, ವಾರ್ಡಿನ ಅರ್ಥ ಎಂದೂ ಸೇರಿಸಿದರು.

ಕನ್ನಡದಲ್ಲಿ ಏನನ್ನುತ್ತೀರಿ ಎಂದು ಕೇಳಿದರು. ಪುಸ್ತಕದಲ್ಲಿ 'ಅತಿ' ಎಂದಿದೆ, ಮನೆಯಲ್ಲಿ ಎಲ್ಲಕ್ಕೂ 'ಜಾಸ್ತಿ' ಎನ್ನುತ್ತೇವೆ ಎಂದೆ. ಶುಗರ್ ಜಾಸ್ತಿ, ಬಿಪಿ ಜಾಸ್ತಿ, ಸಾರಿಗೆ ಉಪ್ಪು ಜಾಸ್ತಿ. ಅವರು ನಗಲಿಲ್ಲ.

"ನನಗೆ ಆದದ್ದು ಗ್ವಾರೊ" ಎಂದು ಇನ್ನೊಂದು ಪದ ಕೊಟ್ಟರು. ಕೆಲಸ ಮಿತಿ ದಾಟುವುದು. ಕೈಯನ್ನು ಮತ್ತೆ ಅಂಚಿನವರೆಗೆ ತಂದು, ಈ ಸಲ ಬಿಡದೆ ಹಿಂದಕ್ಕೆ ತೆಗೆದುಕೊಂಡರು.

ಬೀದಿಯ ಮುದುಕಿಯರಿಗೆ ಆಕೆ ನರ್ಸ್ ಎಂಬುದು ಹೇಗೋ ತಿಳಿಯಿತು. ಸಂಜೆ ನಮ್ಮ ಜಗಲಿಗೆ ಬಂದು ಕಾಲು ನೀಡುವರು. "ಏ ಜಪಾನಮ್ಮ, ನನ್ ಕಾಲೂ ಒತ್ತಮ್ಮ, ಅವಳ್ದೇ ಎಷ್ಟೊತ್ತು ಒತ್ತೀಯ?" ಅದು ನೋವಿಗೆ ಒತ್ತುವುದೆಂದು ಮುದುಕಿಯರು ತಿಳಿದಿದ್ದರು. ಜಪಾನಮ್ಮ ಹೆಬ್ಬೆರಳಿನಿಂದ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಒತ್ತಿ, ಬೆರಳು ತೆಗೆದು, ಕುಳಿ ಬೀಳುತ್ತದೆಯೇ ಎಂದು ನೋಡುತ್ತಿದ್ದರು. ಎದುರು ಮನೆಯ ಅಜ್ಜಿಯ ಕಾಲಿನಲ್ಲಿ ಕುಳಿ ಬಿತ್ತು. ಅದು ತುಂಬಿಕೊಳ್ಳುವವರೆಗೂ ಅವರು ಕಾದರು. ಬಹಳ ಹೊತ್ತು ತುಂಬಲಿಲ್ಲ. ಅಜ್ಜಿ ನಗುತ್ತಲೇ, "ಏನ್ ನೋಡ್ತಾ ಇದ್ದೀಯೇ, ಒಳಗೆ ಬಂಗಾರ ಐತಾ?" ಎಂದಳು. ಮೈಯಲ್ಲಿ ನೀರು ಹೆಚ್ಚಾಗಿದೆ, ಮೂತ್ರಪಿಂಡ ಪರೀಕ್ಷೆ ಮಾಡಿಸಿ ಎಂದು ನನ್ನ ಮೂಲಕ ಅಜ್ಜಿಯ ಮಗನಿಗೆ ಹೇಳಿಸಿದರು. ಮಗ ತಲೆಯಾಡಿಸಿ ಹೋದ. ದೀಪಾವಳಿಗೆ ಮುಂಚೆಯೇ ಅಜ್ಜಿ ಹೋಗಿಬಿಟ್ಟಳು.

ಆಮೇಲೆ ಜಗಲಿಗೆ ಯಾರೂ ಬರಲಿಲ್ಲ. ಅವರು ತರಕಾರಿಗೆಂದು ಬೀದಿಯಲ್ಲಿ ನಡೆದರೆ, ಹೊಸಿಲ ಮೇಲೆ ಕೂತ ಹೆಂಗಸರು ಒಬ್ಬೊಬ್ಬರಾಗಿ ಕಾಲುಗಳನ್ನು ಸೀರೆಯ ಒಳಕ್ಕೆ ಎಳೆದುಕೊಳ್ಳುತ್ತಿದ್ದರು. ಅವರು ಅದನ್ನು ನೋಡಿಯೂ ನೋಡದಂತೆ ನಡೆದುಹೋಗುತ್ತಿದ್ದರು.

ಆ ವರ್ಷ ನನ್ನ ಚಿಕ್ಕಮ್ಮನ ಮಗಳು ಸುಮ ಪಿಯುಸಿ ಓದಲು ನಮ್ಮ ಮನೆಯಲ್ಲಿದ್ದಳು. ಹದಿನೇಳು ವಯಸ್ಸು, ಬಾಯಿ ಜೋರು. ಚಿಕ್ಕಮ್ಮನ ಮನೆ ಜಂಗಮಕೋಟೆಯಲ್ಲಿ. ಅವರು ಹುಳ ಮೇಯಿಸುವವರು. ಫೆಬ್ರವರಿಯ ಹೊತ್ತಿಗೆ ಸುಮಳ ಊಟ ಎದ್ದು ಕಾಣುವಷ್ಟು ಹೆಚ್ಚಾಯಿತು. ಭಾನುವಾರ ಬಂದ ಚಿಕ್ಕಮ್ಮ ಮಗಳ ತಟ್ಟೆಯನ್ನು ನೋಡಿ ಹಿಗ್ಗಿದರು.

"ನೋಡೇ ಅಕ್ಕ, ನಾಲ್ಕನೇ ಜ್ವರ ಎದ್ದಿರೋ ಹುಳ ಆಗವ್ಳೆ. ಎಷ್ಟ್ ಹಾಕಿದ್ರೂ ಸಾಲ್ದು!"

ರೇಷ್ಮೆ ಹುಳ ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಮುಗಿಸಿ ಎದ್ದ ಹುಳ ಹಗಲೂ ಇರುಳೂ ತಿಂದು, ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಹೋಗುತ್ತದೆ. ತಿನ್ನದ ಹುಳಕ್ಕೆ ರೋಗ, ತಿನ್ನುವ ಹುಳಕ್ಕೆ ಆರೋಗ್ಯ. ಹುಳದ ಮನೆಯಲ್ಲಿ ಬೆಳೆದವರಿಗೆ ಹೆಚ್ಚು ಹಸಿವೆಂದರೆ ಶುಭ.

"ನನ್ನೂ ಚಂದ್ರಿಕೆಗೆ ಹಾಕ್ತೀಯೇನಮ್ಮ?" ಎಂದಳು ಸುಮ.

"ಹಾಕ್ತೀನಿ ಇರು. ಬಿಎ ಮುಗೀಲಿ, ಮಂಟಪದ ಮೇಲೇ ಕೂರಿಸ್ತೀನಿ."

ಎಲ್ಲರೂ ನಕ್ಕೆವು. ಮೆಟ್ಟಿಲ ಮೇಲೆ ನಿಂತಿದ್ದ ಜಪಾನಮ್ಮ ಸುಮಳ ಕೊರಳ ಮೂಳೆಯನ್ನು ನೋಡುತ್ತಿದ್ದರು. ಅಷ್ಟು ತಿನ್ನುವವಳ ಮೂಳೆ ಹಾಗೆ ಎದ್ದಿರಬಾರದಿತ್ತು.

ಕೆಲವು ದಿನಗಳ ನಂತರ ಅಮ್ಮ ಬೆಳಿಗ್ಗೆ ಬಚ್ಚಲಿನಿಂದ ಕೂಗಿದರು: "ಸುಮಾ, ಕಾಫಿ ಲೋಟ ತಗೊಂಡು ಬಚ್ಚಲಿಗೆ ಬರ್ತೀಯೇನೇ? ಇರುವೆ ನೋಡು!" ಗೋಡೆಯ ಬುಡದಿಂದ ತೂಬಿನವರೆಗೆ ಕರಿ ಇರುವೆಗಳು ಸಾಲುಗಟ್ಟಿದ್ದವು. "ನಾನ್ಯಾಕ್ ತರ್ಲಿ ದೊಡ್ಡಮ್ಮ?" ಎಂದು ಸುಮ ಜಗಳ ತೆಗೆದಳು. ಮೆಟ್ಟಿಲು ಒರೆಸುತ್ತಿದ್ದ ಜಪಾನಮ್ಮ ಬಟ್ಟೆ ಬಿಟ್ಟು ಕೆಳಗಿಳಿದು ಬಂದು, ಬಚ್ಚಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಆ ಸಾಲನ್ನು ನೋಡಿದರು. ನನ್ನ ಕಡೆ ತಿರುಗಿ, "ಸೊನ್‌ಸೆಂಗ್‌ನಿಮ್, ರಾತ್ರಿ ನೀರು ಕುಡಿಯಲು ಏಳುವವರು ಯಾರು?" ಎಂದು ಕೇಳಿದರು.

ಸುಮ ಏಳುತ್ತಿದ್ದಳು. ಚೊಂಬು ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಿದ್ದಳು.

"ದಾಉಮ್, ದಾನ್ಯೊ, ದಾಶಿಕ್" ಎಂದರು ಅವರು. ಬಹಳ ನೀರು, ಬಹಳ ಮೂತ್ರ, ಬಹಳ ಊಟ. "ನಮ್ಮಲ್ಲಿ ಇದಕ್ಕೆ ಮೂರು ದಾ ಅಂತ ಹೆಸರು. ಮೂರೂ ಒಟ್ಟಿಗೆ ಬಂದರೆ ಸಕ್ಕರೆ. ಮಕ್ಕಳಿಗೂ ಬರುತ್ತದೆ. ಮಕ್ಕಳಿಗೆ ಬಂದರೆ ಬೇಗ ಬರುತ್ತದೆ."

ಈ ಮೂರು ಪದಗಳನ್ನು ನಾನು ಇಂಗ್ಲಿಷಿನಲ್ಲಿ ಎಷ್ಟೋ ರೋಗಿಗಳ ಹೆಸರಿನ ಕೆಳಗೆ ಟೈಪ್ ಮಾಡಿದ್ದೆ. ಅಮ್ಮನಿಗೆ ಅಂದೇ ಹೇಳಿದೆ. ಅಮ್ಮ ಮೊದಲು ಬಾಗಿಲು ಹಾಕಿದರು.

"ಮೆತ್ತಗೆ ಮಾತಾಡೇ. ಶುಗರ್ ಅನ್ನೋದು ವಯಸ್ಸಾದೋರಿಗೆ. ಮದ್ವೆ ಆಗ್ಬೇಕಾದ ಹುಡುಗಿ ಮೇಲೆ ಇಂಥ ಮಾತು ಬಿದ್ರೆ ಅಳ್ಸೋಕ್ ಆಗತ್ತಾ? ಆಕೆ ಎದುರು ಮನೆ ಅಜ್ಜಿಗೆ ಏನೋ ಅಂದ್ಲು, ಏನಾಯ್ತು ನೋಡಿದ್ಯಲ್ಲ."

ಅಷ್ಟಾದರೂ ಅಮ್ಮ ಪರೀಕ್ಷೆ ಮಾಡಿಸುವುದು ಬೇಡ ಎನ್ನಲಿಲ್ಲ. ಅವಳ ತಾಯಿಯ ಒಪ್ಪಿಗೆ ಬೇಕು ಎಂದರು. ಅಷ್ಟರಲ್ಲಿ ಕಾಲೇಜಿನ ಪರೀಕ್ಷೆ ಮುಗಿದು, ಹುಳಕ್ಕೆ ಕೈ ಸಾಲದು ಎಂದು ಚಿಕ್ಕಮ್ಮ ಮಗಳನ್ನು ಕರೆಸಿಕೊಂಡರು. ನಾನು ಫೋನ್ ಮಾಡಿದೆ.

"ಬ್ಯಾಸಗೆ ಕಣೇ, ದಾಹ ಆಗ್ದೆ ಇನ್ನೇನಾಗತ್ತೆ?" ಎಂದರು ಚಿಕ್ಕಮ್ಮ. "ಪರೀಕ್ಷೆ ಓದು, ಅದಕ್ಕೆ ಸೊರಗವ್ಳೆ. ನೀನ್ ಹೇಳ್ತೀಯ ಅಂತ ತೋರಿಸ್ತೀನಮ್ಮ. ಹುಳ ನಾಲ್ಕನೇ ಜ್ವರ ಎದ್ದವೆ, ಈಗ ಬಿಟ್ಟು ಬರಕ್ಕಾಗತ್ತಾ? ಹಣ್ಣಾಗ್ಲಿ, ಚಂದ್ರಿಕೆಗೆ ಹಾಕಿ ಮಾರನೇ ದಿನವೇ ಹೋಗಣ." ಸ್ವಲ್ಪ ತಡೆದು ಹೇಳಿದರು: "ಈ ಸಲ ಇರುವೆ ಕಾಟ ಬೇರೆ. ಹಿತ್ತಲ ಬಚ್ಚಲಿಂದ ಸಾಲು ಹಿಡಿದು ಬರ್ತಾವೆ. ಹುಳದ ಮನೆ ಬಾಗ್ಲಿಗೆ ಪುಡಿ ಹಾಕಿದೀನಿ."

ಮಹಡಿಗೆ ಹೋಗಿ ಇಷ್ಟನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಇರುವೆಯ ಮಾತು ಬಂದಾಗ ಅವರು ಎದ್ದು ಟೊಪ್ಪಿ ಹಾಕಿಕೊಂಡರು. "ನನಗೆ ಹುಳ ನೋಡಬೇಕು ಅಂತ ಹೇಳು. ಅತಿಥಿಯನ್ನು ನಿಮ್ಮವರು ಬೇಡ ಅನ್ನುವುದಿಲ್ಲ" ಎಂದರು.

ಅಂದು ಆಟೋದ ನಯಾಜ್ ಊರಲ್ಲಿರಲಿಲ್ಲ; ಮಾರನೆಯ ಬೆಳಿಗ್ಗೆ ಅವನ ಗಾಡಿಯಲ್ಲಿ ಹೊರಟೆವು. ಅವರು ಎಲ್ಲಿಗೆ ಹೋಗುವುದಿದ್ದರೂ ಅವನೇ ಬರಬೇಕು. ರಸ್ತೆಯ ಎರಡೂ ಕಡೆ ಹಿಪ್ಪುನೇರಳೆ ತೋಟ. ಸೊಪ್ಪು ಕೊಯ್ದು ಬರಿ ಕಡ್ಡಿಗಳು ನಿಂತಿದ್ದವು. "ಏನಕ್ಕಾ, ಜಪಾನಮ್ಮ ಇವತ್ತು ಗಾಡಿಗಿಂತ ಮುಂದೆ ಓಡ್ತಾ ಅವ್ರೆ?" ಎಂದ ನಯಾಜ್. ಅವರು ಸೀಟಿನ ತುದಿಗೆ ಬಂದು, ಅವನ ಬೆನ್ನ ಹಿಂದಿನ ಕಂಬಿ ಹಿಡಿದು ಕೂತಿದ್ದರು.

ಹುಳದ ಮನೆಗೆ ಹೊರಗಿನವರನ್ನು ಬಿಡುವ ಪದ್ಧತಿ ಇಲ್ಲ. ಬಂದವರ ಕಾಲಿನಲ್ಲಿ ರೋಗ ಬರುತ್ತದೆ, ಕಣ್ಣಿನಲ್ಲಿ ದೃಷ್ಟಿ ಬರುತ್ತದೆ. ನಾವು ಹೋದಾಗ ಅಂಗಳದಲ್ಲಿ ಯಾರೂ ಇರಲಿಲ್ಲ. ಚಿಕ್ಕಪ್ಪ ಸೊಪ್ಪಿಗೆ ಹೋಗಿದ್ದರು. ಬಾಗಿಲಲ್ಲಿ ಬಿಳಿ ಪುಡಿಯ ಗೆರೆ, ಗೆರೆಯ ಪಕ್ಕದಲ್ಲಿ ಸತ್ತ ಇರುವೆಗಳು. ಒಳಗಿನಿಂದ ಹುಳಗಳು ಸೊಪ್ಪು ಮೇಯುವ ಸಣ್ಣ ಸದ್ದು ಒಂದೇ ಸಮನೆ ಬರುತ್ತಿತ್ತು. ಅದರ ನಡುವೆ ಇನ್ನೊಂದು ಸದ್ದು ಇತ್ತು. ಯಾರೋ ಬೆಟ್ಟ ಹತ್ತಿ ಬಂದವರ ಹಾಗೆ ಆಳವಾಗಿ, ಬಿಡುವಿಲ್ಲದೆ ಉಸಿರಾಡುತ್ತಿದ್ದರು.

ಜಪಾನಮ್ಮ ನನ್ನ ತೋಳು ಹಿಡಿದರು. "ಗ್ವಾಹೊಹುಪ್."

ಚಪ್ಪಲಿ ಕಳಚಿ ಅವರು ಆ ಗೆರೆಯನ್ನು ದಾಟಿ ಒಳಗೆ ಹೋದರು.

ಹುಳದ ತಟ್ಟೆಗಳ ಸಾಲಿನ ಪಕ್ಕದಲ್ಲಿ ಚಾಪೆಯ ಮೇಲೆ ಸುಮ ಮಲಗಿದ್ದಳು. ತಂಪಾದ ಜಾಗ ಅದೊಂದೇ ಎಂದು ಅಲ್ಲಿ ಮಲಗಿಸಿದ್ದರಂತೆ. ರಾತ್ರಿಯಿಂದ ವಾಂತಿ, ಹೊಟ್ಟೆನೋವು. ಊರಿನ ಕಾಂಪೌಂಡರ್ ಬಂದಿದ್ದ. ತಟ್ಟೆ ಜೋಡಿಸುವ ಬಿದಿರಿನ ಸ್ಟ್ಯಾಂಡಿಗೆ ಬಾಟಲಿ ನೇತುಹಾಕಿ, ಅವಳ ಕೈಗೆ ಸೂಜಿ ಚುಚ್ಚಿ ಆಗಿತ್ತು. ಕೋಣೆಯ ತುಂಬ ಸೊಪ್ಪಿನ ಹಸಿ ವಾಸನೆ. ಅವಳ ಹತ್ತಿರ ಬಗ್ಗಿದಾಗ ಮಾತ್ರ ಕೊಳೆತ ಹಣ್ಣಿನ ವಾಸನೆ.

"ಒಳಗ್ಯಾಕೆ ಬಂದ್ರಿ! ಹೊರಗ್ ನಿಲ್ಲಿ, ಹುಳ ಐತೆ!" ಎಂದು ಚಿಕ್ಕಮ್ಮ ಕೂಗಿದರು. ಆಮೇಲೆ ನನ್ನನ್ನು ಕಂಡು, ದನಿ ಒಡೆದು, "ಸುಸ್ತಾಗವ್ಳೆ ಕಣೇ, ಗ್ಲೂಕೋಸ್ ಹಾಕಿಸ್ತಾ ಇದೀನಿ. ಒಂದ್ ಬಾಟ್ಲಿ ಹೋದ್ರೆ ಎದ್ದು ಕೂರ್ತಾಳೆ" ಎಂದರು.

ನಮ್ಮ ಕಡೆ ಯಾವ ಸುಸ್ತಿಗೂ ಅದೇ ಮದ್ದು. ಮದುವೆ ಮನೆಯ ಸುಸ್ತಿಗೂ ಅದೇ, ಉಪವಾಸದ ಸುಸ್ತಿಗೂ ಅದೇ.

ಜಪಾನಮ್ಮ ಬಾಟಲಿಯ ಚೀಟಿಯನ್ನು ಓದಿದರು. ಮರುಕ್ಷಣ ಕೊಳವೆಯನ್ನು ಬೆರಳುಗಳ ನಡುವೆ ಮಡಚಿ ಹಿಡಿದರು. ಹನಿ ನಿಂತಿತು.

"ಏಯ್, ಏನ್ಮಾಡ್ತಾ ಇದ್ದೀಯಮ್ಮ!" ಕಾಂಪೌಂಡರ್ ಅವರ ಕೈ ಬಿಡಿಸಲು ಬಂದ. ಅವರು ಸಣ್ಣ ಆಳು. ಅವನ ಭುಜದವರೆಗೂ ಬರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಇಂಗ್ಲಿಷೂ ಬರಲಿಲ್ಲ. ಬಂದದ್ದು ನಮ್ಮ ತಟ್ಟೆಗಳ ಮುಂದೆ ಕಲಿತ ಆ ಒಂದು ಪದ.

"ಸಾಕು!" ಎಂದರು. "ಸಾಕು! ಸಾಕು!"

ಚಿಕ್ಕಮ್ಮ ನನ್ನ ಕಡೆ ನೋಡಿದರು. "ಇವ್ಳ್ಯಾರೇ ಹೇಳಕ್ಕೆ? ನನ್ ಮಗಳಿಗೆ ಹಾಕೋ ಮದ್ದು ಯಾಕ್ ತಡೀತಾಳೆ?"

"ಚಿಕ್ಕಮ್ಮ, ಅದು ಸಕ್ಕರೆ ನೀರು. ಅವಳ ಮೈಯಲ್ಲಿ ಈಗಾಗ್ಲೇ ಸಕ್ಕರೆ ಮಿತಿ ಮೀರಿದೆ. ಇರುವೆ ಬಂದಿದ್ದು ನಿಮ್ಮ ಹುಳಕ್ಕಲ್ಲ. ಅವಳು ಮೂತ್ರಕ್ಕೆ ಹೋದ ಕಡೆಗೆಲ್ಲ ಬಂದಿವೆ."

ಚಿಕ್ಕಮ್ಮ ಬಾಗಿಲ ಬಿಳಿ ಗೆರೆಯನ್ನು ನೋಡಿದರು. ಅದರಾಚೆ ಹಿತ್ತಲಿನ ಕಡೆ ನೋಡಿದರು. ಅವರ ಬಾಯಿಂದ ತವರಿನ ತೆಲುಗು ಬಂತು: "ಅಯ್ಯೋ ದೇವುಡಾ."

ಅಷ್ಟರಲ್ಲಿ ನಯಾಜ್ ಬಾಗಿಲಿಗೆ ಬಂದಿದ್ದ. ಸೂಜಿ ತೆಗೆದು, ಅವಳನ್ನು ಚಾಪೆ ಸಮೇತ ಎತ್ತಿ ಆಟೋಗೆ ತಂದೆವು. ಚಿಕ್ಕಮ್ಮ ಒಂದು ಕಾಲು ಆಟೋದಲ್ಲಿಟ್ಟು, ಹುಳದ ಮನೆಯ ಕಡೆ ತಿರುಗಿ ನಿಂತುಬಿಟ್ಟರು. ಸೊಪ್ಪು ಹಾಕುವ ಹೊತ್ತಾಗಿತ್ತು. ತಿಂಗಳುಗಟ್ಟಲೆಯ ಮನೆಖರ್ಚು ಆ ತಟ್ಟೆಗಳಲ್ಲಿತ್ತು. ಜಪಾನಮ್ಮ ಅವರ ಕೈ ಹಿಡಿದು ಒಳಕ್ಕೆ ಎಳೆದುಕೊಂಡರು.

ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಯುವ ವೈದ್ಯರೊಬ್ಬರಿದ್ದರು. ಏನಾಯಿತು ಎಂದು ಕೇಳಿದಾಗ ಚಿಕ್ಕಮ್ಮ ಅಳುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಜಪಾನಮ್ಮ ಮೂರು ದಾಗಳನ್ನೂ ಒಂದು ಗ್ವಾವನ್ನೂ ಇಂಗ್ಲಿಷಿನಲ್ಲಿ ಹೇಳಿದರು. ಪಾಲಿಯೂರಿಯಾ. ಪಾಲಿಡಿಪ್ಸಿಯಾ. ಪಾಲಿಫೇಜಿಯಾ. ಹೈಪರ್‌ವೆಂಟಿಲೇಷನ್. ಅಷ್ಟು ಮಧ್ಯಾಹ್ನಗಳಲ್ಲಿ ಒಮ್ಮೆಯೂ ಸರಿಯಾಗಿ ಬರದಿದ್ದ ಪದಗಳು ಒಂದೂ ಎಡವದೆ ಬಂದವು. ವೈದ್ಯರು ಅವರು ಯಾರೆಂದು ಕೇಳಲಿಲ್ಲ. ಬೆರಳು ಚುಚ್ಚಿ ನೋಡಿದರು. ಯಂತ್ರ ಅಂಕಿಯನ್ನೇ ತೋರಿಸಲಿಲ್ಲ, ಅದು ಅಳೆಯಬಲ್ಲ ಎತ್ತರವನ್ನು ದಾಟಿಹೋಗಿತ್ತು. ಉಪ್ಪುನೀರಿನ ಬಾಟಲಿ, ಇನ್ಸುಲಿನ್, ಅಲ್ಲಿಂದ ಆಂಬುಲೆನ್ಸಿನಲ್ಲಿ ಚಿಕ್ಕಬಳ್ಳಾಪುರ. ಹೊರಡುವ ಮುಂಚೆ ವೈದ್ಯರು ಚಿಕ್ಕಮ್ಮನಿಗೆ, "ಆ ಬಾಟ್ಲಿ ಪೂರ್ತಿ ಹೋಗಿದ್ರೆ ಅಮ್ಮ..." ಎಂದು ಶುರುಮಾಡಿ, ಅವರ ಮುಖ ನೋಡಿ ಮಾತು ನಿಲ್ಲಿಸಿದರು.

ಸುಮ ಕಣ್ಣು ಬಿಟ್ಟ ದಿನ ಮೊದಲು ಕೇಳಿದ್ದು, "ಹುಳ ಹಣ್ಣಾದ್ವಾ?" ಎಂದು.

ಹುಳ ಹಣ್ಣಾಗಲಿಲ್ಲ. ಹಸಿರು ನೀರು ಕಕ್ಕಿ, ಮುದುಡಿ, ತಟ್ಟೆ ತಟ್ಟೆಯೇ ಸತ್ತುಹೋದವು. ಇರುವೆ ಪುಡಿ ಗಾಳಿಗೆ ಸೊಪ್ಪಿನ ಮೇಲೆ ಹಾರಿರಬೇಕು ಎಂದು ನಾನು ಹೇಳಿದೆ. ಆ ಲಕ್ಷಣ ವಿಷದ್ದೇ. ಆದರೆ ಜಂಗಮಕೋಟೆಯಲ್ಲಿ ಹುಟ್ಟಿದ ಮಾತು ಬೇರೆ: ಹುಳ ತಿನ್ನುವವಳು ಹುಳದ ಮನೆ ಹೊಕ್ಕಳು. ಶಿಡ್ಲಘಟ್ಟಕ್ಕೆ ಬರುವಷ್ಟರಲ್ಲಿ ಅದಕ್ಕೆ ಎದುರು ಮನೆಯ ಅಜ್ಜಿಯ ಕಾಲೂ ಸೇರಿಕೊಂಡಿತ್ತು. ಚಿಕ್ಕಮ್ಮ ಆ ಮಾತು ಆಡಲಿಲ್ಲ. ಆಡಿದವರನ್ನು ತಡೆಯಲೂ ಇಲ್ಲ. ಮಗಳನ್ನು ನಮ್ಮ ಮನೆಗೆ ಕರೆತಂದಾಗ ಮಹಡಿಯ ಮೆಟ್ಟಿಲಿನ ಕಡೆ ಬೆನ್ನು ಹಾಕಿ ಕೂರುತ್ತಿದ್ದರು.

ನನಗೆ ನೋವಾಗಿತ್ತು. ಜಪಾನಮ್ಮನಿಗೆ ಹಾಗೆ ಅನಿಸಿದಂತೆ ಕಾಣಲಿಲ್ಲ. ಸುಮಳಿಗೆ ತನ್ನ ತೊಡೆಗೆ ತಾನೇ ಸೂಜಿ ಹಾಕಿಕೊಳ್ಳುವುದನ್ನು ಕಲಿಸುತ್ತಾ ನನಗೆ ಹೇಳಿದರು: "ಬದುಕಿದವರ ಮನೆಯವರು ನರ್ಸಿನ ಮುಖ ಮರೆಯಲು ನೋಡುತ್ತಾರೆ. ಆ ಮುಖದ ಹಿಂದೆ ಆ ದಿನ ಇರುತ್ತದೆ. ಅದು ಸರಿ."

ಯಂತ್ರದ ಕೆಲಸ ಮುಗಿದು ಅವರು ಹೊರಟ ದಿನ ಬೀದಿಯಲ್ಲಿ ಕಾರಿನವರೆಗೆ ಹೋದವರು ಅಮ್ಮ, ನಾನು, ಸುಮ, ನಯಾಜ್. ವಾಪಸು ಹೋಗಿ ವಾರ್ಡಿಗೆ ಸೇರುತ್ತೇನೆ ಎಂದರು. "ವಿಶ್ರಾಂತಿ ಸಾಕಾ?" ಎಂದು ಅಮ್ಮ ಕೇಳಿದ್ದನ್ನು ತಿಳಿಸಿ ಹೇಳಿದೆ.

"ಜಾಸ್ತಿ" ಎಂದರು, ನಗುತ್ತಾ. ಆಗ ನಾನು ಅವರ ಮುಖ ಬಿಟ್ಟು ಕೈ ನೋಡಿದೆ. ಅವರಿಂದಲೇ ಕಲಿತ ಚಾಳಿ. ಕಾರಿನ ಬಾಗಿಲು ಹಿಡಿದ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

ಕಳೆದ ವಾರ ಅವರ ಗಂಡನನ್ನು ಒಳಗೆ ಕರೆದು ಕೂರಿಸಿದಾಗ, ಹೇಗಾಯಿತು ಎಂದು ಕೇಳಿದೆ. ಡ್ಯೂಟಿ ಮುಗಿದ ಬೆಳಿಗ್ಗೆ ನರ್ಸುಗಳ ಕೋಣೆಯ ಕುರ್ಚಿಯಲ್ಲಿ, ಕಾಲಲ್ಲಿ ಬೂಟು ಇದ್ದ ಹಾಗೇ, ಬೆನ್ನು ಒರಗಿಸಿ ಕೂತಿದ್ದರಂತೆ. ನಿದ್ದೆ ಮಾಡಲಿ ಎಂದು ಜೊತೆಯವರು ದೀಪ ಆರಿಸಿ, ಬಾಗಿಲು ಎಳೆದುಕೊಂಡು ಹೋಗಿದ್ದರಂತೆ. "ಗ್ವಾರೊ" ಎಂದು, ಅದಕ್ಕೆ ಇಂಗ್ಲಿಷ್ ಪದ ಹುಡುಕತೊಡಗಿದರು. ಬೇಡ, ನನಗೆ ಗೊತ್ತು ಎಂದೆ. ಅಮ್ಮ ತಟ್ಟೆಗೆ ಬಡಿಸುತ್ತಲೇ ಇದ್ದರು. ಅವರು ಕೈ ಅಡ್ಡ ಇಡಲಿಲ್ಲ.

ಭಾನುವಾರ ಜಂಗಮಕೋಟೆಗೆ ಹೋಗಿ ಹೇಳಿದೆ. ಸುಮ ಈಗ ಡಿಗ್ರಿ ಓದುತ್ತಾಳೆ, ಬೆಳಿಗ್ಗೆ ಸೂಜಿ ಹಾಕಿಕೊಂಡು ಸೊಪ್ಪಿಗೆ ಹೋಗುತ್ತಾಳೆ. ಸುದ್ದಿ ಕೇಳಿ ಎದ್ದು ಹಿತ್ತಲಿಗೆ ಹೋದಳು. ಚಿಕ್ಕಮ್ಮ ಸೊಪ್ಪು ಕತ್ತರಿಸುತ್ತಾ ಕೂತೇ ಇದ್ದರು. ಆ ಮನೆಯಲ್ಲಿ ಈಗ ಒಂದು ಅಭ್ಯಾಸವಿದೆ. ಬೆಳಿಗ್ಗೆ ಎದ್ದ ಚಿಕ್ಕಮ್ಮ ಹುಳದ ಮನೆಗೆ ಹೋಗುವ ಮೊದಲು ಬಚ್ಚಲಿಗೆ ಹೋಗುತ್ತಾರೆ. ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಗೋಡೆಯ ಬುಡದಿಂದ ತೂಬಿನವರೆಗೆ ನೆಲವನ್ನು ನೋಡುತ್ತಾರೆ. ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಹುಳದ ಬಾಗಿಲು ತೆಗೆಯುತ್ತಾರೆ. ಅದನ್ನು ಯಾರಿಂದ ಕಲಿತರು ಎಂದು ಅವರು ಎಂದೂ ಹೇಳಿಲ್ಲ.

ನಾನು ಹೊರಡಲು ಎದ್ದಾಗ ಅವರ ಕತ್ತಿ ನಿಂತಿತು.

"ಕುರ್ಚೀಲೇ ಕೂತಿದ್ರಂತಾ?"

"ಹೂಂ, ಚಿಕ್ಕಮ್ಮ."

"ಬೆನ್ನ್ ಒರಗಿಸ್ಕೊಂಡು?"

"ಹೂಂ."

ಚಿಕ್ಕಮ್ಮ ಕತ್ತರಿಸಿದ ಸೊಪ್ಪನ್ನು ಕೈಯಿಂದ ಒಂದು ಕಡೆ ಸರಿಸಿದರು.

"ಅಷ್ಟ್ ಜನ ನರ್ಸಮ್ಮಂದಿರು ಇದ್ರಲ್ಲೇ" ಎಂದರು. "ಒಬ್ಳಾದ್ರೂ ಆಕೆ ಕಡೆ ನೋಡ್ಬಾರ್ದಾಗಿತ್ತಾ?"